ನಾಲ್ಕೂ ಕಡೆ ನೀರು, ನಡುವೆ ನಾವಿಬ್ಬರು

ಸೋದರಿಯರೇ, ಮದುವೆಯಾಗಿ ಹದಿನೆಂಟು ವರ್ಷವಾದ ಮೇಲೆ ಗಂಡ-ಹೆಂಡತಿ ಇಬ್ಬರನ್ನೇ ಒಂದು ಮನೆಯಲ್ಲಿ ಕೂರಿಸಿದರೆ ಏನು ಮಾತಾಡುತ್ತಾರೆ? ಯೋಚಿಸಿ ನೋಡಿದ್ದೀರಾ? ನಿಮ್ಮ ಮನೆಯ ವಿಷಯ ನನಗೆ ತಿಳಿಯದು. ತಿಪಟೂರಿನ ನಮ್ಮ ಮನೆಯಲ್ಲಂತೂ ಅತ್ತೆ, ಮಾವ, ಮೈದುನ, ಓರಗಿತ್ತಿ, ಮಕ್ಕಳು, ಸಾಲದ್ದಕ್ಕೆ ಬಂದು ಹೋಗುವ ನೆಂಟರಿಷ್ಟರು. "ಏನ್ರೀ, ಮಗಳ ಫೀಸು ಕಟ್ಟಿದ್ರಾ?" "ಏನೇ, ನನ್ನ ಬಿಳೀ ಷರಟು ಇಸ್ತ್ರಿಗೆ ಹೋಯ್ತಾ?" ಇಷ್ಟೇ ನಮ್ಮಿಬ್ಬರ ಸಂಭಾಷಣೆ. ಜಗಳವೂ ಇಲ್ಲ, ಬೇಸರವೂ ಇಲ್ಲ. ಮಾತಿಗೆ ಹೊತ್ತೆಲ್ಲಿತ್ತು ಹೇಳಿ!

ಅಂಥ ನಮ್ಮಿಬ್ಬರನ್ನು 2018ರ ಜೂನ್‌ನಲ್ಲಿ ಸಮುದ್ರದ ನಡುವೆ ಒಯ್ದು ಇಟ್ಟದ್ದು ನಮ್ಮವರ ಬ್ಯಾಂಕಿನ ವರ್ಗಾವಣೆಯ ಹುಕುಂ. ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿ ಮೂರು ವರ್ಷ. 2024ರ ಸೆಪ್ಟೆಂಬರಿನಲ್ಲಿ ಆ ಊರಿಗೆ ಶ್ರೀ ವಿಜಯಪುರಂ ಎಂದು ಹೆಸರು ಬದಲಾಗಿದೆ. ನಾವಿದ್ದಾಗ ಕರೆಯುತ್ತಿದ್ದ ಹೆಸರೇ ನನ್ನ ನಾಲಿಗೆಗೆ ಅಭ್ಯಾಸವಾದ್ದರಿಂದ ಇಲ್ಲಿ ಹಾಗೆಯೇ ಬರೆಯುತ್ತೇನೆ.

ಸುದ್ದಿ ಕೇಳಿದ ನಮ್ಮತ್ತೆ, "ಅಯ್ಯೋ, ಅಲ್ಲಿಗೆ ಕೈದಿಗಳನ್ನಲ್ವೇನೇ ಕಳಿಸ್ತಿದ್ದುದು!" ಎಂದು ಕಣ್ಣೊರೆಸಿಕೊಂಡರು. ಅವರು ಹೇಳಿದ್ದು ಸುಳ್ಳಲ್ಲ. 1896ರಿಂದ 1906ರವರೆಗೆ ಬ್ರಿಟಿಷರು ಕಟ್ಟಿಸಿದ ಸೆಲ್ಯುಲರ್ ಜೈಲು ಆ ಊರಿನಲ್ಲೇ ಇದೆ. ಈಗ ಅದು ಸ್ಮಾರಕ. ಮಗಳು ಆಗ ತಾನೇ ಪಿಯುಸಿಗೆ ಸೇರಿದ್ದಳು. ಅಜ್ಜಿ-ತಾತನ ಬಳಿಯೇ ಇದ್ದು ಓದುವುದೆಂದು ತೀರ್ಮಾನವಾಯಿತು. ನಾವಿಬ್ಬರೇ ಹೊರಟೆವು.

ಚೆನ್ನೈನಿಂದ ಅಲ್ಲಿಗೆ ಸುಮಾರು 1,190 ಕಿಲೋಮೀಟರು. ವಿಮಾನದಲ್ಲಾದರೆ ಎರಡು ಗಂಟೆ ಚಿಲ್ಲರೆ, ಹಡಗಿನಲ್ಲಾದರೆ ಹೆಚ್ಚುಕಡಿಮೆ ಮೂರು ದಿನ. ನಕ್ಷೆ ತೆಗೆದು ನೋಡಿ, ನಮಗಿಂತ ಬರ್ಮಾ ದೇಶವೇ ಅದಕ್ಕೆ ಹತ್ತಿರ. ಅಂಡಮಾನ್ ಮತ್ತು ನಿಕೋಬಾರ್‌ನಲ್ಲಿ ದೊಡ್ಡದು, ಚಿಕ್ಕದು, ಬರೀ ಬಂಡೆ ಎಲ್ಲ ಸೇರಿ 836 ದ್ವೀಪಗಳೆಂದು ಸರಕಾರದ ಲೆಕ್ಕ. ಜನ ವಾಸವಾಗಿರುವುದು ಮೂವತ್ತು ಚಿಲ್ಲರೆಯಲ್ಲಿ ಮಾತ್ರ.

ನಾವು ಇಳಿದಾಗ ಮಳೆ ಸುರಿಯುತ್ತಿತ್ತು. ಆಮೇಲೂ ಸುರಿಯಿತು. ಅಲ್ಲಿ ನೈಋತ್ಯ ಮಳೆಗಾಲ ಮುಗಿಯಿತು ಎನ್ನುವಷ್ಟರಲ್ಲಿ ಈಶಾನ್ಯದ ಮಳೆ ಬರುತ್ತದೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್! ಬಯಲುಸೀಮೆಯ ನಮಗೆ ಒಂದು ಹದ ಮಳೆ ಬಂದರೆ ಹಬ್ಬ. ಅಲ್ಲಿ ಉಪ್ಪಿನ ಡಬ್ಬಿ ತೆರೆದರೆ ಉಪ್ಪು ನೀರಾಗಿರುತ್ತಿತ್ತು, ಹಪ್ಪಳ ಮೆತ್ತಗಾಗಿರುತ್ತಿತ್ತು, ಬೀರುವಿನ ರೇಷ್ಮೆ ಸೀರೆಗೆ ಬೂಷ್ಟು ಹಿಡಿಯುತ್ತಿತ್ತು. ಉಪ್ಪಿಗೆ ನಾಲ್ಕು ಕಾಳು ಹುರಿದ ಅಕ್ಕಿ ಹಾಕಿಡುವುದು, ಜನವರಿಯ ಬಿಸಿಲು ಬಂದ ಕೂಡಲೇ ಸೀರೆ ಹರವುವುದು, ಸಂಡಿಗೆಯನ್ನೂ ಅದೇ ತಿಂಗಳುಗಳಲ್ಲಿ ಇಟ್ಟುಕೊಳ್ಳುವುದು, ಇವೆಲ್ಲ ನಿಧಾನವಾಗಿ ರೂಢಿಯಾದವು. ಇನ್ನೊಂದು ವಿಚಿತ್ರವೆಂದರೆ, ಇಷ್ಟು ಮಳೆ ಬೀಳುವ ಊರಿನಲ್ಲಿ ಬೇಸಿಗೆಗೆ ಕುಡಿಯುವ ನೀರಿಗೆ ತತ್ವಾರ. ಪೋರ್ಟ್ ಬ್ಲೇರಿಗೆ ನೀರು ಬರುವುದು ಧನಿಖಾರಿ ಅಣೆಕಟ್ಟಿನಿಂದ. ಮಾರ್ಚ್-ಏಪ್ರಿಲ್ ಹೊತ್ತಿಗೆ ನಲ್ಲಿಯಲ್ಲಿ ದಿನ ಬಿಟ್ಟು ದಿನ, ಕೆಲವು ಸಲ ಅದಕ್ಕೂ ತಡವಾಗಿ ನೀರು ಬರುತ್ತಿತ್ತು. ನಾಲ್ಕೂ ಕಡೆ ನೀರು, ಅನ್ನಕ್ಕಿಡಲು ನೀರಿಲ್ಲ!

ತರಕಾರಿಯೂ ಹಾಗೆಯೇ. ಈರುಳ್ಳಿ, ಆಲೂಗಡ್ಡೆ ಬರುವುದು ಹಡಗಿನಲ್ಲಿ. ಹವೆ ಕೆಟ್ಟು ಹಡಗು ತಡವಾಯಿತೆಂದರೆ ಅಬರ್ಡೀನ್ ಬಜಾರಿನಲ್ಲಿ ಬೆಲೆ ಏರುತ್ತಿತ್ತು. ಆಗ ಊರಲ್ಲೇ ಬೆಳೆಯುವ ಬಾಳೆಕಾಯಿ, ಕುಂಬಳ, ಜೀಗುಜ್ಜೆಯೇ ಗತಿ. ಜೀಗುಜ್ಜೆಯ ಸಿಪ್ಪೆ, ನಡುವಿನ ದಿಂಡು ತೆಗೆದು ಹೋಳು ಮಾಡಿ, ಉಪ್ಪು-ಅರಿಶಿನ ಹಾಕಿ ಹದವಾಗಿ ಬೇಯಿಸಿ, ಒಗ್ಗರಣೆಗೆ ಹಾಕಿ, ತೆಂಗಿನತುರಿ-ಹಸಿಮೆಣಸಿನಕಾಯಿ ಜಜ್ಜಿ ಬೆರೆಸಿದರೆ ಆಲೂಗಡ್ಡೆಯ ನೆನಪೇ ಬಾರದು. ತೆಂಗಿನಕಾಯಿಗೆ ಮಾತ್ರ ಅಲ್ಲೇನೂ ಬರವಿಲ್ಲ. ತಿಪಟೂರಿನವಳಿಗೆ ಇನ್ನೇನು ಬೇಕು!

ಅಡಿಗೆಮನೆ ಹೀಗೆ ದಾರಿಗೆ ಬಂತು. ದಾರಿಗೆ ಬಾರದ್ದು ಸಂಜೆ.

ಅದಕ್ಕೆ ಕಾರಣ ಗಡಿಯಾರ. ನಮ್ಮ ಇಡೀ ದೇಶಕ್ಕೆ ಒಂದೇ ಗಂಟೆ. ಅದನ್ನು ಲೆಕ್ಕ ಹಾಕಿರುವುದು ಉತ್ತರಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ ರೇಖೆಯ ಮೇಲೆ. ಅಂಡಮಾನ್ ಅದಕ್ಕಿಂತ ಎಷ್ಟೋ ಪೂರ್ವಕ್ಕಿದೆ. ಹಾಗಾಗಿ ತಿಪಟೂರಿಗಿಂತ ಅಲ್ಲಿ ಸುಮಾರು ಒಂದು ಗಂಟೆ ಮೊದಲೇ ಸೂರ್ಯ ಹುಟ್ಟುತ್ತಾನೆ, ಅಷ್ಟೇ ಮೊದಲು ಮುಳುಗುತ್ತಾನೆ. ಜೂನ್ ತಿಂಗಳಲ್ಲಿ ಬೆಳಗಿನ ಐದಕ್ಕೇ ಬಿಸಿಲು. ಡಿಸೆಂಬರಿನಲ್ಲಿ ಸಂಜೆ ಐದಕ್ಕೇ ದೇವರ ದೀಪ ಹಚ್ಚುವ ಹೊತ್ತು. ನಮ್ಮವರು ಬ್ಯಾಂಕಿನಿಂದ ಬರುವಾಗ ಗಾಢ ಕತ್ತಲೆ. ಊಟವಾಗಿ ಮಲಗುವವರೆಗೆ ಮೂರು-ನಾಲ್ಕು ಗಂಟೆ ಏನು ಮಾಡುವುದು? ಮೊದಲ ಎರಡು ತಿಂಗಳು ಅವರು ಹಳೇ ಪತ್ರಿಕೆ ಹಿಡಿದು ಕೂರುತ್ತಿದ್ದರು, ನಾನು ಅವರು ಪತ್ರಿಕೆ ಮಡಿಸುವುದನ್ನೇ ನೋಡುತ್ತಾ ಕೂರುತ್ತಿದ್ದೆ. ಹೊರಗೆ ತಗಡಿನ ಮಾಡಿನ ಮೇಲೆ ಮಳೆ. ಹದಿನೆಂಟು ವರ್ಷ ಜೊತೆಗೆ ಬಾಳಿದವರು ಬಸ್ ನಿಲ್ದಾಣದಲ್ಲಿ ಅಕ್ಕಪಕ್ಕ ಕೂತ ಅಪರಿಚಿತರ ಹಾಗಿದ್ದೆವು. ನಗಬೇಡಿ, ನಿಮ್ಮ ಮನೆಯಲ್ಲೂ ಎಲ್ಲರೂ ಊರಿಗೆ ಹೋದ ದಿನ ಪರೀಕ್ಷಿಸಿ ನೋಡಿ!

ಬೆಳಗಿನ ಹೊತ್ತನ್ನು ಮೊದಲು ಗೆದ್ದವರು ನಮ್ಮವರು. ಐದಕ್ಕೇ ಬೆಳಕಾದ ಮೇಲೆ ಮಲಗಿ ಮಾಡುವುದೇನು? "ಬಾರೇ, ಒಂದು ಸುತ್ತು ಹೋಗಿಬರೋಣ" ಎಂದರು. ಅವರಿಗೆ ಚಿಕ್ಕಂದಿನಿಂದ ಹಕ್ಕಿಯ ಹುಚ್ಚು ಎಂಬುದು ನನಗೆ ತಿಳಿದದ್ದೇ ಆಗ. ಪೂರ್ಣಚಂದ್ರ ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು' ಪುಸ್ತಕವನ್ನು ಪೆಟ್ಟಿಗೆಯ ತಳದಲ್ಲಿ ಇಟ್ಟು ತಂದಿದ್ದರು. ಆದರೆ ಅಲ್ಲಿಯ ವಿಶೇಷದ ಹಕ್ಕಿಗಳೆಲ್ಲ ಆ ದ್ವೀಪಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲದವು. ನಮ್ಮೂರ ಕೆಂಬೂತಕ್ಕೆ ಕಪ್ಪು ಮೈ, ಅಲ್ಲಿಯದಕ್ಕೆ ಮಾಸಲು ಕಂದು. ಅಲ್ಲಿಯ ಮರಕುಟಿಗ ಇದ್ದಿಲಿನಷ್ಟು ಕಪ್ಪು, ಗಂಡಿನ ತಲೆಗೆ ಕೆಂಪು ಜುಟ್ಟು. ಪುಸ್ತಕದಲ್ಲಿ ಇಲ್ಲದ್ದನ್ನು ಅವರು ಬ್ಯಾಂಕಿನ ಹಳೇ ಡೈರಿಯಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದರು, ಚಿತ್ರವನ್ನೂ ಗೀಚುತ್ತಿದ್ದರು. ಮಡಿಚಿದ ಷರಟಿನ ಲೆಕ್ಕವಷ್ಟೇ ಗೊತ್ತಿದ್ದ ನನಗೆ, ಈ ಮನುಷ್ಯನ ಕೈಯಲ್ಲಿ ಚಿತ್ರವೂ ಬರುತ್ತದೆಯೇ ಎಂದು ಆಶ್ಚರ್ಯ.

ನನ್ನ ಪಾಲಿಗೆ ಬಂದದ್ದು ಸಮುದ್ರ. ಸಮುದ್ರ ದಿನಕ್ಕೆರಡು ಸಲ ಉಬ್ಬುತ್ತದೆ, ಎರಡು ಸಲ ಇಳಿಯುತ್ತದೆ. ಆ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಗೋಡೆಗೆ ನೇತುಹಾಕಿದ್ದ ನಮ್ಮ ಕನ್ನಡ ಕ್ಯಾಲೆಂಡರೇ ಇದಕ್ಕೆ ಸಾಕಾಯಿತು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಅತಿ ಮೇಲಕ್ಕೂ ಬರುತ್ತದೆ, ಅತಿ ದೂರಕ್ಕೂ ಸರಿಯುತ್ತದೆ. ಅಷ್ಟಮಿ-ನವಮಿಯ ಹೊತ್ತಿಗೆ ಎರಡೂ ಮಿತ. "ಇವತ್ತು ಬಿದಿಗೆ, ನೀರು ಚೆನ್ನಾಗಿ ಇಳಿಯುತ್ತೆ, ಬೇಗ ಏಳಿ" ಎಂದು ನಾನು ಹೇಳುವುದು, ಅವರು ಎದ್ದು ಹೊರಡುವುದು. ಮನೆಯಲ್ಲಿ ನನ್ನ ಮಾತಿಗೆ ಹವಾಮಾನ ಇಲಾಖೆಯ ಬೆಲೆ ಬಂದಿತ್ತು!

ನೀರು ಇಳಿದ ದಿನ ದಡದಲ್ಲಿ ಕಾಣುವುದನ್ನು ಏನೆಂದು ಹೇಳಲಿ? ಕವಡೆ, ಶಂಖ, ಕಪ್ಪೆಚಿಪ್ಪು, ಹವಳದ ಚೂರು. ಕಂಡ ಕೂಡಲೇ ಸೆರಗು ಒಡ್ಡಬೇಕೆನಿಸುತ್ತದೆ. ಆದರೆ ಅಲ್ಲಿಂದ ಒಂದನ್ನೂ ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹವಳಕ್ಕೂ ಹಲವು ಬಗೆಯ ಚಿಪ್ಪಿಗೂ ಅನ್ವಯಿಸುತ್ತದೆ. ಹವಳವಂತೂ ಸತ್ತ ತುಂಡಾದರೂ ತಪ್ಪೇ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಯನ್ನು ಯಂತ್ರದಲ್ಲಿ ನೋಡುತ್ತಾರೆ. ಕಾಯ್ದೆಯ ಮಾತು ಬಿಡಿ, ಒಂದು ದಿನ ಖಾಲಿ ಎಂದುಕೊಂಡಿದ್ದ ಶಂಖವೊಂದು ನಮ್ಮೆದುರೇ ಎದ್ದು ನಡೆಯಿತು! ಒಳಗಿದ್ದದ್ದು ಒಂದು ಏಡಿ. ಆ ಜಾತಿಯ ಏಡಿಗೆ ಮೈಯ ಹಿಂಭಾಗ ಮೆತ್ತಗೆ. ಸತ್ತ ಪ್ರಾಣಿಯ ಚಿಪ್ಪನ್ನು ಹುಡುಕಿ ಒಳಸೇರಿ ಬದುಕುತ್ತದೆ. ಮೈ ಬೆಳೆದಂತೆ ಅದನ್ನು ಬಿಟ್ಟು ದೊಡ್ಡದಕ್ಕೆ ಹೋಗುತ್ತದೆ. "ನಮ್ಮ ಹಾಗೇ ನೋಡೇ, ಬಾಡಿಗೆ ಮನೆ, ಟ್ರಾನ್ಸ್‌ಫರು" ಎಂದರು ನಮ್ಮವರು. ಅಂದಿನಿಂದ ಚಿಪ್ಪು ಕಂಡರೆ, ಯಾರದೋ ಮನೆ ಎಂದು ಬಗ್ಗಿ ನೋಡಿ ಹಾಗೇ ಬಿಡುತ್ತಿದ್ದೆವು. ಸಂಜೆ ಚೌಕಾಬಾರ ಆಡಲು ಕವಡೆ ಇಲ್ಲದೆ, ಕವಡೆಗಳ ದ್ವೀಪದಲ್ಲಿ ಕೂತು ಹುಣಸೆ ಬೀಜ ಉಜ್ಜಿ ಆಡಿದವರು ನಾವೇ ಇರಬೇಕು.

ಸಂಜೆಯನ್ನು ತುಂಬಿಕೊಟ್ಟವರು ಪಕ್ಕದ ಮನೆಯ ಬಂಗಾಳಿ ಮಾಷಿಮಾ. ಮಾಷಿಮಾ ಎಂದರೆ ತಾಯಿಯ ಅಕ್ಕತಂಗಿ. ದೇಶ ಎರಡಾದ ಮೇಲೆ 1949ರಿಂದ ಪೂರ್ವ ಬಂಗಾಳದ ನಿರಾಶ್ರಿತರನ್ನು ಸರಕಾರ ಅಂಡಮಾನಿಗೆ ಕರೆತಂದು ಜಮೀನು ಕೊಟ್ಟಿತು. ಅವರ ಅಪ್ಪ-ಅಮ್ಮ ಹಾಗೆ ಬಂದವರು. ಅಲ್ಲಿ ಬಂಗಾಳಿ, ತಮಿಳು, ತೆಲುಗು, ಮಲಯಾಳ ಎಲ್ಲ ಮಾತಿನವರೂ ಇದ್ದಾರೆ, ಎಲ್ಲರ ನಡುವೆ ಹಿಂದಿ. ಎಸ್ಸೆಸ್ಸೆಲ್ಸಿಯಲ್ಲಿ ಮೂರನೇ ಭಾಷೆಯಾಗಿ ಓದಿದ್ದ ನನ್ನ ಹಿಂದಿ ಆಗ ಕೆಲಸಕ್ಕೆ ಬಂತು. ನನ್ನ ಹಳೇ ನೂಲಿನ ಸೀರೆಗಳ ಗಂಟನ್ನು ನೋಡಿದ ಮಾಷಿಮಾ, "ಇದನ್ನು ಪಾತ್ರೆಯವನಿಗೆ ಹಾಕಬೇಡ ಬೌಮಾ, ಕಾಂಥಾ ಹೊಲಿ" ಎಂದರು.

ಕಾಂಥಾ ಎಂದರೆ ನಮ್ಮ ಕೌದಿಯ ತಂಗಿ ಎನ್ನಿ. ಕೌದಿಯಲ್ಲಿ ನಾವು ಬಣ್ಣಬಣ್ಣದ ತುಂಡು ಜೋಡಿಸುತ್ತೇವೆ. ಕಾಂಥಾದಲ್ಲಿ ಇಡೀ ಹಳೇ ಸೀರೆಗಳನ್ನೇ ಒಂದರ ಮೇಲೊಂದು ಹಾಸಿ, ದಾರ ಓಡಿಸಿ ಕಟ್ಟುಹಾಕಿ, ಆಮೇಲೆ ಮೈತುಂಬ ಸಣ್ಣ ಓಟಹೊಲಿಗೆ. ಹಿಂದಿನವರು ದಾರವನ್ನೂ ಕೊಳ್ಳುತ್ತಿರಲಿಲ್ಲ, ಸೀರೆಯ ಅಂಚಿನಿಂದಲೇ ಬಣ್ಣದ ಎಳೆ ಬಿಡಿಸಿಕೊಳ್ಳುತ್ತಿದ್ದರಂತೆ. ಅದರ ಮೇಲೆ ಕಮಲ, ಮೀನು, ಆನೆ ಏನು ಬೇಕಾದರೂ ತೆಗೆಯಬಹುದು. ನಾನು ಏನು ತೆಗೆಯಲಿ ಎಂದು ಯೋಚಿಸುತ್ತಿರುವಾಗ ನಮ್ಮವರು ಡೈರಿ ತಂದು ಮುಂದಿಟ್ಟರು. ಹಕ್ಕಿಗಳ ನಡುನಡುವೆ, ದಡದಲ್ಲಿ ನೋಡಿ ಬಿಟ್ಟುಬಂದ ಚಿಪ್ಪುಗಳನ್ನೆಲ್ಲ ಬರೆದುಕೊಂಡಿದ್ದರು! ಅವರು ಸೀರೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯುವುದು, ನಾನು ಆ ಗೆರೆಯ ಮೇಲೆ ಹೊಲಿಯುವುದು ಎಂದು ಒಪ್ಪಂದವಾಯಿತು.

ಇನ್ನೊಂದು ಕೆಲಸವೂ ಅವರ ಪಾಲಿಗೆ ಬಂತು. ನನಗಾಗ ಚಾಳೀಸು ಬಂದು, ಕನ್ನಡಕ ಹಾಕಿದರೂ ದೀಪದ ಬೆಳಕಿನಲ್ಲಿ ಸೂಜಿಯ ಕಣ್ಣು ಸಿಕ್ಕುತ್ತಿರಲಿಲ್ಲ. ಬ್ಯಾಂಕಿನಿಂದ ಬಂದು ಕಾಫಿ ಕುಡಿದ ಮೇಲೆ ಅವರು ಹತ್ತು ಸೂಜಿಗೆ ನೂಲು ಪೋಣಿಸಿ ಸಾಲಾಗಿ ಬಟ್ಟೆಗೆ ಚುಚ್ಚಿಡುತ್ತಿದ್ದರು. ಹತ್ತು ಸೂಜಿ ಮುಗಿದರೆ ಆ ದಿನದ ಹೊಲಿಗೆ ಮುಗಿಯಿತು. ಕೈ ಕೆಲಸದಲ್ಲಿದ್ದರೆ ಬಾಯಿಗೆ ಮಾತು ತಾನಾಗಿ ಬರುತ್ತದೆ ಎಂಬುದು ನಮಗೆ ತಿಳಿದದ್ದು ಹೀಗೆ. ಅವರು ಕಾಲೇಜಿನಲ್ಲಿ ಚಿತ್ರ ಕಲಿಯಬೇಕೆಂದಿದ್ದದ್ದು, ಮಾವನವರು ಕಾಮರ್ಸಿಗೆ ಸೇರಿಸಿದ್ದು, ನಾನು ಮುಂದೆ ಓದಿ ಟೀಚರಾಗಬೇಕೆಂದಿದ್ದದ್ದು, ಯಾವುದೂ ಹದಿನೆಂಟು ವರ್ಷದಲ್ಲಿ ನಮ್ಮಿಬ್ಬರ ನಡುವೆ ಬಂದ ಮಾತಲ್ಲ.

ಭಾನುವಾರ ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದೆವು. ಕೆಲವೊಮ್ಮೆ ಚಿಡಿಯಾ ಟಾಪುವಿಗೆ, ಕೆಲವೊಮ್ಮೆ ಸಿಪ್ಪಿಘಾಟಿಗೆ. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಅಲ್ಲಿಯ ನೆಲವೇ ಕುಸಿದು, ಸಿಪ್ಪಿಘಾಟಿನ ಗದ್ದೆಗಳಿಗೆ ಸಮುದ್ರದ ನೀರು ನುಗ್ಗಿ ಹಾಗೇ ನಿಂತುಬಿಟ್ಟಿತು. ಈಗ ಅಲ್ಲಿ ಬೆಳ್ಳಕ್ಕಿ, ಬಾತುಗಳು ಮೇಯುತ್ತವೆ. ಒಮ್ಮೆ ಮಾಷಿಮಾ ನಮ್ಮ ಜೊತೆ ಬಂದಿದ್ದರು. ನಮ್ಮವರು ಹಕ್ಕಿ ಎಣಿಸುತ್ತಿದ್ದರೆ ಅವರು ನೀರಿನ ಕಡೆ ಕೈತೋರಿಸಿ, "ಅಗೋ, ಅಲ್ಲಿ ನಮ್ಮ ನೆಂಟರ ಭತ್ತದ ಗದ್ದೆ ಇತ್ತು" ಎಂದರು. ಅವರ ದನಿಯಲ್ಲಿ ಅಳು ಇರಲಿಲ್ಲ. "ಮಾರನೇ ದಿನದಿಂದ ಏನು ಮಾಡಿದಿರಿ ಮಾಷಿಮಾ?" ಎಂದು ಕೇಳಿದೆ. "ಏನು ಮಾಡೋದು? ಅಕ್ಕಿ ತೊಳೆದು ಅನ್ನಕ್ಕಿಟ್ಟೆ" ಎಂದರು.

ಆ ಮಾತಿನ ಅರ್ಥ ನನಗೆ ಆಗಿದ್ದು 2020ರ ಏಪ್ರಿಲ್‌ನಲ್ಲಿ. ಕೊರೋನಾ ಬಂದು ಮಾರ್ಚ್ 25ರಿಂದ ವಿಮಾನಗಳೆಲ್ಲ ನಿಂತಿದ್ದವು. ಪ್ರಯಾಣಿಕರ ಹಡಗೂ ಇಲ್ಲ. ಬೆಳಗಿನ ತಿರುಗಾಟವೂ ಬಂದ್. ಏಪ್ರಿಲ್ ಎರಡನೆಯ ವಾರ ತುರುವೇಕೆರೆಯ ಬಳಿಯ ನನ್ನ ತವರಿನಿಂದ ಅಣ್ಣ ಫೋನು ಮಾಡಿದ. ಅಪ್ಪ ಬೆಳಿಗ್ಗೆ ತೋಟದಿಂದ ಬಂದವರು ಎದೆನೋವೆಂದು ಜಗಲಿಯ ಮೇಲೆ ಕೂತರಂತೆ. ಆಸ್ಪತ್ರೆಗೆ ಒಯ್ಯುವುದರೊಳಗೆ ಎಲ್ಲ ಮುಗಿದಿತ್ತು.

ಸೋದರಿಯರೇ, ತವರು ದೂರವಿದ್ದ ಹೆಣ್ಣುಮಕ್ಕಳಿಗೆ ಈ ಭಯ ಯಾವಾಗಲೂ ಇದ್ದದ್ದೇ. ಆದರೂ ಬಸ್ಸೋ ರೈಲೋ ಹಿಡಿದು, ಕಡೆಗೆ ಮೂರನೇ ದಿನಕ್ಕಾದರೂ ಹೋಗಿ ಸೇರುತ್ತೇವೆ. ನನಗೆ ಹೋಗಲು ದಾರಿಯೇ ಇರಲಿಲ್ಲ. ಅಣ್ಣನ ಮಗ ವಿಡಿಯೋದಲ್ಲಿ ತೋರಿಸಲು ನೋಡಿದ. ಆಗ ಅಲ್ಲಿ ಇಂಟರ್ನೆಟ್ಟು ಉಪಗ್ರಹದ ಮೂಲಕ, ಬಹಳ ನಿಧಾನ. ಅಪ್ಪನ ಮುಖ ಚೌಕಚೌಕವಾಗಿ ಒಡೆದು, ಹಾಗೇ ನಿಂತುಬಿಟ್ಟಿತು. ಆಮೇಲೆ ಬರೀ ದನಿ. ಅಮ್ಮನ ಅಳು, ಯಾರೋ "ನೀರು ತನ್ರೋ" ಅಂದದ್ದು. ಅಷ್ಟೇ ನನ್ನ ಪಾಲಿಗೆ ಬಂದದ್ದು.

ಚೆನ್ನೈನಿಂದ ಸಮುದ್ರದ ತಳದಲ್ಲಿ ಸುಮಾರು 2,300 ಕಿಲೋಮೀಟರ್ ಉದ್ದದ ತಂತಿ ಎಳೆದು ಅಂಡಮಾನಿಗೆ ಒಳ್ಳೆಯ ಇಂಟರ್ನೆಟ್ಟು ಕೊಟ್ಟದ್ದು ಅದೇ ವರ್ಷ ಆಗಸ್ಟ್ 10ರಂದು. ನಾಲ್ಕು ತಿಂಗಳು ಮೊದಲೇ ಬಂದಿದ್ದರೆ ಎಂದು ಈಗಲೂ ಒಮ್ಮೊಮ್ಮೆ ಅನಿಸುತ್ತದೆ.

ನಾನು ಮಾತು ಬಿಟ್ಟೆ. ಅಡಿಗೆ ಮಾಡುತ್ತಿದ್ದೆ, ಬಡಿಸುತ್ತಿದ್ದೆ, ಅಷ್ಟೇ. ಹೊಲಿಗೆಯ ಗಂಟು ಮೂಲೆ ಸೇರಿತು. ನಮ್ಮವರು ಸಮಾಧಾನದ ಮಾತು ಹೇಳಲು ಬಾರದವರು, ಹೇಳಲೂ ಇಲ್ಲ. ಆದರೆ ಪ್ರತಿ ಸಂಜೆ ಕಾಫಿ ಕುಡಿದು, ಆ ಗಂಟು ಬಿಚ್ಚಿ, ಹತ್ತು ಸೂಜಿಗೆ ನೂಲು ಪೋಣಿಸಿ ಚುಚ್ಚಿಟ್ಟು, ನನ್ನ ಪಕ್ಕದಲ್ಲಿ ಇಡುತ್ತಿದ್ದರು. ನಾನು ಮುಟ್ಟುತ್ತಿರಲಿಲ್ಲ. ರಾತ್ರಿ ಮಲಗುವಾಗ ಸದ್ದಿಲ್ಲದೆ ಮಡಿಸಿ ಒಳಗಿಡುವರು. ಮಾರನೇ ಸಂಜೆ ಮತ್ತೆ ತೆಗೆದು, ನೂಲು ಸರಿಮಾಡಿ ಇಡುವರು. ಒಂದು ದಿನವೂ "ಹೊಲಿ" ಎನ್ನಲಿಲ್ಲ. ಹೀಗೆ ಎಷ್ಟು ದಿನ ಹೋಯಿತೋ. ಅಪ್ಪನ ವೈಕುಂಠ ಸಮಾರಾಧನೆ ಕಳೆದ ಮಾರನೇ ಸಂಜೆ ಇರಬೇಕು, ಕರೆಂಟು ಹೋಗಿ ಬಂತು. ಬೆಳಕು ಬಂದಾಗ ಸೂಜಿಗಳ ಸಾಲು ಕಣ್ಣಿಗೆ ಬಿತ್ತು. ಒಂದನ್ನು ತೆಗೆದುಕೊಂಡೆ. ಅರ್ಧ ಬಿಟ್ಟಿದ್ದ ಶಂಖದ ಸುರುಳಿಯನ್ನು ಹೊಲಿಯುತ್ತಾ, ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆಗೆ ಕರೆದೊಯ್ದದ್ದನ್ನು ಹೇಳತೊಡಗಿದೆ. ಅವರು ಕೇಳುತ್ತಾ ಕೂತರು. ಹತ್ತು ಸೂಜಿ ಮುಗಿದ ಮೇಲೆ ಹನ್ನೊಂದನೆಯದನ್ನು ಪೋಣಿಸಿಕೊಟ್ಟರು.

ಆ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಅಮ್ಮ ಅಪ್ಪನ ಎರಡು ಹಳೇ ಪಂಚೆಗಳನ್ನು ಕೊಟ್ಟಳು. ತೊಳೆದು ತೊಳೆದು ಮೆತ್ತಗಾಗಿದ್ದ ಬಟ್ಟೆ. ಅದೇ ನಮ್ಮ ಕಾಂಥಾಕ್ಕೆ ಹಿಂಬದಿಯ ಪದರವಾಯಿತು. 2021ರ ಮಧ್ಯದಲ್ಲಿ ಮತ್ತೆ ಇತ್ತ ವರ್ಗವಾಗಿ ಬರುವಾಗ ಮೂವತ್ತೆರಡು ಚಿಪ್ಪುಗಳನ್ನು ಹೊತ್ತು ಬಂದೆವು. ವಿಮಾನ ನಿಲ್ದಾಣದ ಯಂತ್ರಕ್ಕೆ ಒಂದೂ ಕಾಣಲಿಲ್ಲ!

ಈಗ ತಿಪಟೂರಿನ ಮನೆ ಮತ್ತೆ ತುಂಬಿದೆ. ಮಾತಿಗೆ ಹೊತ್ತು ಮತ್ತೆ ಕಡಿಮೆಯೇ. ಆದರೂ ಸಂಜೆ ಅರ್ಧ ಗಂಟೆ ನಾವಿಬ್ಬರೂ ನಡುಮನೆಯ ಕಿಟಕಿಯ ಬಳಿ ಕೂರುತ್ತೇವೆ. ಎರಡನೆಯ ಕಾಂಥಾ ಶುರುವಾಗಿದೆ, ಮಗಳ ಮದುವೆಗೆಂದು. ಈ ಸಲ ಅಂಡಮಾನಿನ ಹಕ್ಕಿಗಳು. ಓರಗಿತ್ತಿ ಮೊದಲು ನಕ್ಕಳು, ಈಗ ಅವಳೂ ತನ್ನ ಸೀರೆ ಗಂಟು ಬಿಚ್ಚಿದ್ದಾಳೆ.

ಇದಕ್ಕೆ ದ್ವೀಪಕ್ಕೇ ಹೋಗಬೇಕೆಂದಿಲ್ಲ. ಬಣ್ಣ ಬಿಡದ ಮೂರು ಹಳೇ ನೂಲಿನ ಸೀರೆ ಸಾಕು. ತೊಳೆದು, ಗಂಜಿ ಹೋಗುವಂತೆ ಒಣಗಿಸಿ, ಸುಕ್ಕಿಲ್ಲದೆ ಹಾಸಿ, ನಾಲ್ಕೂ ಅಂಚಿಗೆ ಮೊದಲು ಕಟ್ಟುಹಾಕಿಕೊಳ್ಳಿ. ಹೊಲಿಗೆಯನ್ನು ನಡುವಿನಿಂದ ಅಂಚಿನ ಕಡೆಗೆ ಹಾಕುತ್ತಾ ಬನ್ನಿ, ಬಟ್ಟೆ ಉಬ್ಬುವುದಿಲ್ಲ. ಸೂಜಿ ಪೋಣಿಸುವ ಕೆಲಸವನ್ನು ಮಾತ್ರ ನೀವು ಮಾಡಬೇಡಿ, ನಿಮ್ಮ ಕಣ್ಣು ಎಷ್ಟೇ ಚೆನ್ನಾಗಿರಲಿ. ಅದನ್ನು ನಿಮ್ಮವರಿಗೆ ಬಿಟ್ಟುಬಿಡಿ.